ಕರಾವಳಿಯ ಮಳೆಗೆ ಯಾವ ಪೆರೋವ್‌ಸ್ಕೈಟ್ ಲಾಯಕ್ಕು? ಕಾರವಾರ–ಶಿರಸಿ ಕಡೆಯವರಿಗೆ ಒಂದು ಹೋಲಿಕೆ

ಪೆರೋವ್‌ಸ್ಕೈಟ್ ಸೋಲಾರ್, ಅಂದರೆ ಸಿಲಿಕಾನ್ ಬದಲು ಅಥವಾ ಅದರ ಮೇಲೆ ಒಂದು ಹೊಸ ಬಗೆಯ ಹರಳಿನ ತೆಳು ಪದರ ಇರುವ ಪ್ಯಾನೆಲ್. ಇದರ ಬಗ್ಗೆ ನಮ್ಮ ಕಡೆ ಕೇಳುವವರು ಎರಡು ಥರ. ಮನೆ ಕಟ್ಟಿಸುತ್ತಿರುವವರು “ಹೊಸ ಪ್ಯಾನೆಲ್ ಬರ್ತದಂತಲ್ಲ, ಅದಕ್ಕೆ ಕಾಯೋದಾ, ಈಗಲೇ ಹಾಕಿಸೋದಾ?” ಅನ್ನುತ್ತಾರೆ. ಎಂಎಸ್ಸಿ ಹುಡುಗರು “ಸರ್, ಪ್ರಾಜೆಕ್ಟಿಗೆ ಯಾವ ಸಂಯೋಜನೆ ತಗೊಂಡ್ರೆ ದಕ್ಷತೆ ಜಾಸ್ತಿ ಬರ್ತದೆ?” ಅನ್ನುತ್ತಾರೆ. ಮನೆಯವರಿಗೆ ಉತ್ತರ ಚಿಕ್ಕದು, ಮೊದಲು ಅದನ್ನು ಹೇಳಿ ಮುಗಿಸುತ್ತೇನೆ. ಹುಡುಗರಿಗೆ ಹೇಳುವುದು ಇಷ್ಟು: ಕಾರವಾರದ ಒಂದು ಮಳೆಗಾಲ ದಾಟುವುದು ಯಾವುದು ಎಂದು ಮೊದಲು ಕೇಳಿ. ಹಾಗೆ ಕೇಳಿದರೆ ಆಯ್ಕೆಗಳ ಪಟ್ಟಿ ಬೇಗ ಚಿಕ್ಕದಾಗುತ್ತದೆ. ಉಳಿದ ಆಯ್ಕೆಗಳ ದಕ್ಷತೆಯೂ ಕಡಿಮೆಯೇನಿಲ್ಲ.

ಮನೆಯ ಮೇಲೆ ಈಗ ಏನು ಹಾಕಬೇಕು?

ಸಿಲಿಕಾನ್. ಟಾಪ್‌ಕಾನ್ ಎಂಬ ಸುಧಾರಿತ ಬಗೆಯ ಸೆಲ್ ಇರುವ, ಹಿಂದೆ ಮುಂದೆ ಎರಡೂ ಕಡೆ ಗಾಜಿರುವ ಪ್ಯಾನೆಲ್ ನೋಡಿ. ಉಪ್ಪು ಗಾಳಿಯ ಪರೀಕ್ಷೆ, ಅಂದರೆ ಐಇಸಿ 61701, ಪಾಸಾಗಿದೆಯಾ ಎಂದು ಕೇಳಿ. ಬೋಲ್ಟುಗಳು 316 ಗ್ರೇಡಿನ ಸ್ಟೀಲ್ ಇರಲಿ. ಸಮುದ್ರದ ದಂಡೆಯಲ್ಲಿ ಪ್ಯಾನೆಲ್‌ಗಿಂತ ಮೊದಲು ಹಾಳಾಗುವುದು ಸ್ಟ್ಯಾಂಡು, ಬೋಲ್ಟು ಮತ್ತು ಕನೆಕ್ಟರು.

ಕಾಯುವುದರಿಂದ ಏನು ಸಿಗುತ್ತದೆ ಎಂದು ಲೆಕ್ಕ ಹಾಕೋಣ. ಬ್ರಿಟನ್ನಿನ ಆಕ್ಸ್‌ಫರ್ಡ್ ಪಿವಿ ಕಂಪನಿ 2024ರ ಸೆಪ್ಟೆಂಬರಿನಲ್ಲಿ ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಕೂರಿಸಿದ ಪ್ಯಾನೆಲ್‌ಗಳನ್ನು ಮೊದಲ ಸಲ ವ್ಯಾಪಾರಕ್ಕಾಗಿ ಕಳಿಸಿತು. ಅದರ ದಕ್ಷತೆ, ಅಂದರೆ ಬಿದ್ದ ಬೆಳಕಿನಲ್ಲಿ ಕರೆಂಟಾಗುವ ಪಾಲು, ಶೇ. 24.5. ಅಂಗಡಿಯಲ್ಲಿ ಸಿಗುವ ಒಳ್ಳೆಯ ಸಿಲಿಕಾನ್ ಪ್ಯಾನೆಲಿನದ್ದು ಶೇ. 22ರ ಆಸುಪಾಸು. 3 ಕಿಲೋವ್ಯಾಟಿಗೆ ಸಿಲಿಕಾನ್ ಸುಮಾರು 13.6 ಚದರ ಮೀಟರ್ ಜಾಗ ಕೇಳುತ್ತದೆ, ಹೊಸದು 12.2. ಉಳಿಯುವುದು ಒಂದು ಮೇಜಿನಷ್ಟು ಜಾಗ. ನಮ್ಮ ಕಡೆ ಹೆಚ್ಚಿನ ಮನೆಗಳಿಗೆ ಮಾಡಿನ ಜಾಗಕ್ಕೆ ಕೊರತೆ ಇಲ್ಲ, ಮರದ ನೆರಳೇ ತೊಂದರೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಅದಕ್ಕೆ ದೇಶದಲ್ಲೇ ತಯಾರಾದ ಸೆಲ್ ಇರುವ ಪ್ಯಾನೆಲ್ ಬೇಕು. ಹೊರದೇಶದ ಹೊಸ ಪ್ಯಾನೆಲ್ ತರಿಸಿದರೆ ಆ ಹಣ ಕೈಬಿಟ್ಟ ಹಾಗೇ. ಹೆಸ್ಕಾಂಗೆ ಅರ್ಜಿ ಹಾಕಿ, ಹಾಕಿಸಿಕೊಳ್ಳಿ. ಮನೆಯವರ ವಿಷಯ ಇಲ್ಲಿಗೆ ಮುಗಿಯಿತು.

ದಕ್ಷತೆ ಮತ್ತು ಬಾಳಿಕೆ ಜಗಳ ಆಡುತ್ತವೆಯಾ?

2009ರಲ್ಲಿ ಜಪಾನಿನ ಮಿಯಾಸಾಕಾ ತಂಡ ಮೊದಲ ಪೆರೋವ್‌ಸ್ಕೈಟ್ ಸೆಲ್ ಮಾಡಿದಾಗ ದಕ್ಷತೆ ಶೇ. 3.8. ಒಳಗಿದ್ದ ದ್ರವವೇ ಪೆರೋವ್‌ಸ್ಕೈಟನ್ನು ಕರಗಿಸುತ್ತಿತ್ತು, ಕೆಲವೇ ನಿಮಿಷಗಳಲ್ಲಿ ಆಟ ಮುಗಿಯುತ್ತಿತ್ತು. 2012ರಲ್ಲಿ ದ್ರವದ ಜಾಗಕ್ಕೆ ಘನ ಪದರ ಬಂತು, ದಕ್ಷತೆ ಶೇ. 10ರ ಹತ್ತಿರ ಹೋಯಿತು. ಈಗ ಪ್ರಯೋಗಾಲಯದ ಚಿಕ್ಕ ಸೆಲ್‌ಗಳು ಶೇ. 26 ದಾಟಿವೆ. ಸಿಲಿಕಾನಿಗೆ ಈ ದಾರಿ ಸವೆಸಲು ದಶಕಗಳೇ ಬೇಕಾದವು.

ಬಾಳಿಕೆ ಬೇಕಾದರೆ ದಕ್ಷತೆ ಬಿಡಬೇಕು ಎಂದು ಹಲವರು ತಿಳಿದಿದ್ದಾರೆ. ಹೆಚ್ಚಿನ ಕಡೆ ಅದು ನಿಜವಲ್ಲ. ಹರಳಿನಲ್ಲಿ ಅಯೋಡಿನ್ ಇರಬೇಕಾದ ಜಾಗ ಖಾಲಿ ಇದ್ದರೆ ಎರಡು ಕೆಡುಕು ಒಟ್ಟಿಗೆ ಆಗುತ್ತವೆ. ಬೆಳಕು ಎಬ್ಬಿಸಿದ ಎಲೆಕ್ಟ್ರಾನು ಆ ದೋಷದ ಹತ್ತಿರ ಸಿಕ್ಕಿಬಿದ್ದು ವ್ಯರ್ಥವಾಗುತ್ತದೆ. ಆಗ ವೋಲ್ಟೇಜು ಇಳಿಯುತ್ತದೆ. ಅದೇ ಖಾಲಿ ಜಾಗಗಳನ್ನು ಹಿಡಿದು ಅಯೋಡಿನ್ ಅಯಾನುಗಳು ಸೆಲ್ಲಿನ ತುಂಬ ಓಡಾಡುತ್ತವೆ, ಬೆಳ್ಳಿಯ ತಂತಿವರೆಗೂ ಹೋಗಿ ಅದನ್ನು ತಿನ್ನುತ್ತವೆ. ಆ ಜಾಗ ಮುಚ್ಚಿದರೆ ಎರಡೂ ಸುಧಾರಿಸುತ್ತವೆ. ಹಾಗಾಗಿ ಮುಂದಿನ ಹೋಲಿಕೆಯಲ್ಲಿ ಎರಡಕ್ಕೂ ಒಳ್ಳೆಯದಾಗುವ ದಾರಿಯನ್ನೇ ಮೊದಲು ಹುಡುಕಿದ್ದೇನೆ. ದಕ್ಷತೆ ಬಿಟ್ಟುಕೊಡಲೇಬೇಕಾದ ಕಡೆ ಹಾಗೆಂದು ಹೇಳಿದ್ದೇನೆ.

ಹರಳಿನ ಒಳಗೆ ಏನಿರಬೇಕು?

ಇಲ್ಲಿ ಆಯ್ಕೆ ತಪ್ಪಿದರೆ ಮುಂದೆ ಯಾವ ಮುಚ್ಚಿಗೆಯೂ ಕಾಪಾಡುವುದಿಲ್ಲ. ಹರಳಿನಲ್ಲಿ ಮೂರು ಜಾಗಗಳಿವೆ. ಒಂದರಲ್ಲಿ ಸೀಸ, ಒಂದರಲ್ಲಿ ಅಯೋಡಿನ್ ಅಥವಾ ಬ್ರೋಮಿನ್. ಮೂರನೆಯದರಲ್ಲಿ ಯಾರು ಕೂರಬೇಕು ಅನ್ನುವುದೇ ಚರ್ಚೆ.

ಮಿಥೈಲ್ ಅಮೋನಿಯಂ ಎಂಬ ಸಾವಯವ ಅಯಾನು ಹಳೆಯ ಆಯ್ಕೆ. ಮಾಡುವುದು ಸುಲಭ, ಪದರ ಚೆನ್ನಾಗಿ ಕೂರುತ್ತದೆ, ಪಾಠದ ಪುಸ್ತಕಗಳಲ್ಲಿ ಇದೇ ಇರುತ್ತದೆ. ಆದರೆ 85 ಡಿಗ್ರಿ ಬಿಸಿಗೆ ನೀರಿನ ಹನಿಯೂ ಇಲ್ಲದೆ ಒಡೆಯುತ್ತದೆ. ಏಪ್ರಿಲ್ ಮಧ್ಯಾಹ್ನ ಕಾರವಾರದ ತಾರಸಿ ಮೇಲೆ ಪ್ಯಾನೆಲ್ 60 ಡಿಗ್ರಿ ದಾಟುವುದು ದೊಡ್ಡ ವಿಷಯವಲ್ಲ. ಮಳೆಗೆ ಮೊದಲೇ ಬಿಸಿಲು ಇದನ್ನು ಕೊಲ್ಲುತ್ತದೆ. ನಾನು ಇದನ್ನು ಪಟ್ಟಿಯಿಂದಲೇ ತೆಗೆಯುತ್ತೇನೆ.

ಫಾರ್ಮಮಿಡಿನಿಯಂ ಕೂಡ ಸಾವಯವವೇ, ಆದರೆ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಬೆಳಕನ್ನೂ ಹೆಚ್ಚು ಹೀರುತ್ತದೆ. ದಾಖಲೆಯ ಸೆಲ್‌ಗಳಲ್ಲಿ ಬಹುಪಾಲು ಇದರವೇ. ಇದರ ಚಾಳಿ ಬೇರೆ: ಕೋಣೆಯ ಉಷ್ಣತೆಯಲ್ಲಿ ಕಪ್ಪು ರೂಪ ಬಿಟ್ಟು ಹಳದಿಯಾಗಲು ನೋಡುತ್ತದೆ. ಹಳದಿ ರೂಪಕ್ಕೆ ಕರೆಂಟು ಕೊಡುವ ಗುಣ ಇಲ್ಲ. ತೇವ ತಾಗಿದರೆ ಈ ಬದಲಾವಣೆ ಚುರುಕಾಗುತ್ತದೆ. ಅಂದರೆ ಒಬ್ಬನೇ ಬಂದರೆ ನಮ್ಮ ಜುಲೈಗೆ ಇವನೂ ಆಗುವುದಿಲ್ಲ.

ಪೂರ್ತಿ ಸೀಸಿಯಂ ಎಂಬ ಲೋಹ ಹಾಕಿದರೆ ಸಾವಯವ ಭಾಗವೇ ಇರುವುದಿಲ್ಲ, ಬಿಸಿಗೆ ಹಾರಿಹೋಗುವುದೂ ಏನಿಲ್ಲ. ಕೇಳಲು ಚೆಂದ. ಆದರೆ ಸೀಸಿಯಂ ಲೆಡ್ ಅಯೋಡೈಡಿನ ಕಪ್ಪು ರೂಪ ತಾನಾಗಿ ನಿಲ್ಲುವುದು 300 ಡಿಗ್ರಿಗಿಂತ ಮೇಲೆ. ಕೆಳಗೆ ಬಂದರೆ ತೇವದ ಒಂದು ಸುಳಿವು ಸಾಕು, ಹಳದಿ. ಒಣ ಊರಿನವರು ಯೋಚಿಸಬಹುದು. ಬಟ್ಟೆ ಒಣಗಿಸಲು ನಾಲ್ಕು ದಿನ ಕಾಯುವ ಹೊನ್ನಾವರದವರಿಗೆ ಬೇಡ.

ಉಳಿಯುವುದು ಮಿಶ್ರಣ. ಫಾರ್ಮಮಿಡಿನಿಯಂ ಜೊತೆ ಶೇ. 15–20ರಷ್ಟು ಸೀಸಿಯಂ ಸೇರಿಸಿದರೆ ಸೀಸಿಯಂ ಹರಳನ್ನು ಸ್ವಲ್ಪ ಕುಗ್ಗಿಸಿ ಕಪ್ಪು ರೂಪವನ್ನು ಹಿಡಿದು ನಿಲ್ಲಿಸುತ್ತದೆ. 2016ರಲ್ಲಿ ಬಂದ ಮೂರು ಅಯಾನುಗಳ ಪ್ರಸಿದ್ಧ ಮಿಶ್ರಣದಲ್ಲಿ ಇವೆರಡರ ಜೊತೆ ಮಿಥೈಲ್ ಅಮೋನಿಯಂ ಕೂಡ ಇತ್ತು, ಶೇ. 21 ದಾಟಿತ್ತು. ಈಗ ಆ ಮೂರನೆಯದನ್ನೂ ಬಿಡುವ ಒಲವು ಜಾಸ್ತಿ. ನನ್ನ ಮತವೂ ಅದಕ್ಕೇ.

ಬ್ರೋಮಿನ್ ವಿಷಯದಲ್ಲಿ ಕೈ ಬಿಗಿ ಇರಲಿ. ಜಾಸ್ತಿ ಹಾಕಿದರೆ ಬಿಸಿಲು ಬಿದ್ದಾಗ ಬ್ರೋಮಿನ್ ಒಂದು ಕಡೆ, ಅಯೋಡಿನ್ ಒಂದು ಕಡೆ ಗುಂಪು ಸೇರುತ್ತವೆ. ಆಗ ವೋಲ್ಟೇಜು ಕುಸಿಯುತ್ತದೆ. ಸಿಲಿಕಾನ್ ಮೇಲೆ ಕೂರಿಸುವ ಸೆಲ್ಲಿಗೆ ಸ್ವಲ್ಪ ಬ್ರೋಮಿನ್ ಬೇಕೇ ಬೇಕು, ಅಲ್ಲಿ ಈ ತಲೆನೋವು ತಪ್ಪಿದ್ದಲ್ಲ.

ಸೀಸದ ಬದಲು ತವರ ಹಾಕಬಾರದಾ ಎಂದು ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ. ತವರ ಗಾಳಿಯ ಆಮ್ಲಜನಕಕ್ಕೆ ಬಲುಬೇಗ ಕೆಡುತ್ತದೆ, ದಕ್ಷತೆಯೂ ಸೀಸದ್ದಕ್ಕಿಂತ ಬಹಳ ಹಿಂದೆ. ಇನ್ನು ಸೀಸದ ಪ್ರಮಾಣ ನೋಡಿ. ಪದರದ ದಪ್ಪ ಮೀಟರಿನ ಹತ್ತು ಲಕ್ಷದ ಒಂದು ಪಾಲಿನಲ್ಲೂ ಅರ್ಧ. ಒಂದು ಚದರ ಮೀಟರಿಗೆ ಸೀಸ ಒಂದು ಗ್ರಾಮಿಗಿಂತ ಕಡಿಮೆ. ನಿಮ್ಮ ಜಗಲಿಯ ಇನ್ವರ್ಟರ್ ಬ್ಯಾಟರಿಯಲ್ಲಿ ಸೀಸ ಕಿಲೋ ಲೆಕ್ಕದಲ್ಲಿದೆ. ಹಾಗಂತ ಸುಮ್ನೆ ಬಿಡುವ ಹಾಗೂ ಇಲ್ಲ. ಬ್ಯಾಟರಿ ಗುಜರಿಗೆ ಹೋಗುತ್ತದೆ, ಒಡೆದ ಪ್ಯಾನೆಲಿನ ಸೀಸ ಮಳೆ ನೀರಿನ ಜೊತೆ ಬಾವಿಗೆ ಹೋಗಬಹುದು. ಸೀಸ ಹೀರುವ ಪದರ ಅಂಟಿಸಿದರೆ ಸೋರುವ ಸೀಸದಲ್ಲಿ ಶೇ. 96ಕ್ಕಿಂತ ಹೆಚ್ಚು ಹಿಡಿದಿಡಬಹುದು ಎಂದು 2020ರಲ್ಲೇ ಅಮೆರಿಕದಲ್ಲಿ ತೋರಿಸಿದ್ದಾರೆ. ಪ್ಯಾನೆಲಿನ ಆಲಿಕಲ್ಲು ಪರೀಕ್ಷೆಗೆ ಬಳಸುವುದು 25 ಮಿಲಿಮೀಟರಿನ ಮಂಜುಗಡ್ಡೆ ಗುಂಡು. ತೆಂಗಿನಕಾಯಿ ಪರೀಕ್ಷೆ ಇನ್ನೂ ಯಾರೂ ಬರೆದಿಲ್ಲ, ಆ ಮರದ ಕೆಳಗೆ ಯಾವ ಪ್ಯಾನೆಲನ್ನೂ ಇಡಬೇಡಿ.

ಪದರಗಳ ಜೋಡಣೆ: ನೇರ, ತಿರುಗುಮುರುಗು, ಇಲ್ಲವೇ ಇಂಗಾಲ

ಹರಳಿನ ಪದರದ ಕೆಳಗೂ ಮೇಲೂ ಕರೆಂಟನ್ನು ಹೊರಗೆ ಒಯ್ಯುವ ಪದರಗಳು ಬೇಕು. ನೇರ ಜೋಡಣೆಯಲ್ಲಿ ಕೆಳಗೆ ಟೈಟಾನಿಯಂ ಅಥವಾ ಟಿನ್ ಆಕ್ಸೈಡ್, ಮೇಲೆ ಸ್ಪೈರೋ ಎಂಬ ದುಬಾರಿ ಸಾವಯವ ಪದರ, ಅದರ ಮೇಲೆ ಚಿನ್ನ. ಬಹಳ ವರ್ಷ ದಾಖಲೆಗಳೆಲ್ಲ ಇದರ ಪಾಲಾಗಿದ್ದವು. ಸ್ಪೈರೋ ಚೆನ್ನಾಗಿ ಕೆಲಸ ಮಾಡಲು ಅದಕ್ಕೆ ಲಿಥಿಯಂ ಲವಣ ಬೆರೆಸಬೇಕು. ಆ ಲವಣ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಬರಬಾರದ ಜಾಗಕ್ಕೆ ನೀರನ್ನು ನಾವೇ ಕರೆದ ಹಾಗೆ. ಟೈಟಾನಿಯಂ ಆಕ್ಸೈಡ್ ನೇರಳಾತೀತ ಬೆಳಕಿನಲ್ಲಿ ಪಕ್ಕದ ಪೆರೋವ್‌ಸ್ಕೈಟನ್ನು ಕೆಡಿಸುವುದೂ ಉಂಟು.

ತಿರುಗುಮುರುಗು ಜೋಡಣೆಯಲ್ಲಿ ಕೆಳಗೆ ನಿಕ್ಕಲ್ ಆಕ್ಸೈಡ್ ಅಥವಾ ಒಂದೇ ಅಣುವಿನಷ್ಟು ದಪ್ಪದ ತಾನಾಗಿ ಜೋಡಿಸಿಕೊಳ್ಳುವ ಪದರ. ಮೇಲೆ ಫುಲ್ಲರೀನ್, ಅಂದರೆ ಚೆಂಡಿನಂಥ ಇಂಗಾಲದ ಅಣುಗಳ ಪದರ. ಅದರ ಮೇಲೆ ಪರಮಾಣು ಪದರ ಪದರವಾಗಿ ಬೆಳೆಸಿದ ಟಿನ್ ಆಕ್ಸೈಡ್ ಹಾಕಬಹುದು, ಅದು ತೇವವನ್ನು ಒಳಗೆ ಬಿಡುವುದಿಲ್ಲ, ಅಯೋಡಿನನ್ನು ಹೊರಗೆ ಬಿಡುವುದಿಲ್ಲ. ಲಿಥಿಯಂ ಬೇಕಾಗಿಲ್ಲ. ಮೊದಲು ದಕ್ಷತೆಯಲ್ಲಿ ಹಿಂದೆ ಇತ್ತು, ಈಗ ಆ ಅಂತರ ಉಳಿದಿಲ್ಲ. ಸಿಲಿಕಾನ್ ಮೇಲಿನ ಜೋಡಿ ಸೆಲ್‌ಗಳಲ್ಲೂ ಹೆಚ್ಚಾಗಿ ಇದನ್ನೇ ಬಳಸುತ್ತಾರೆ. ಯಂತ್ರಗಳಿರುವ ಪ್ರಯೋಗಾಲಯ ಸಿಕ್ಕರೆ ಎರಡನೇ ಯೋಚನೆ ಬೇಡ, ಇದನ್ನೇ ಹಿಡಿಯಿರಿ.

ಇಂಗಾಲದ ದಾರಿಯಲ್ಲಿ ದಕ್ಷತೆ ಬಿಟ್ಟುಕೊಡಲೇಬೇಕು. ಚಿನ್ನ, ಬೆಳ್ಳಿಯ ಬದಲು ದಪ್ಪ ಇಂಗಾಲದ ಪದರವನ್ನು ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಬಳಿಯುತ್ತಾರೆ, ಮೇಲಿಂದ ಪೆರೋವ್‌ಸ್ಕೈಟ್ ದ್ರಾವಣ ಇಳಿಸುತ್ತಾರೆ. 2014ರಲ್ಲಿ ಚೀನಾದ ಹಾನ್ ಹೊಂಗ್ವೇ ಅವರ ತಂಡ ಇಂಥ ಸೆಲ್ಲಿಗೆ ಶೇ. 12.8 ಪಡೆದು, ತೆರೆದ ಗಾಳಿಯಲ್ಲಿ 1000 ತಾಸಿಗಿಂತ ಹೆಚ್ಚು ಬಿಸಿಲಿಗೆ ಹಿಡಿದು ತೋರಿಸಿತು. ಇಂಗಾಲ ನೀರನ್ನು ದೂರ ಇಡುತ್ತದೆ, ಅಯೋಡಿನಿಗೆ ಜಗ್ಗುವುದಿಲ್ಲ, ನಿರ್ವಾತ ಯಂತ್ರ ಬೇಡ. ಹೆಚ್ಚಿನ ಸಲಕರಣೆ ಇಲ್ಲದ ಡಿಗ್ರಿ ಕಾಲೇಜಿಗೆ ಕೈಗೆಟಕುವ ದಾರಿ ಇದೊಂದೇ.

ಮೇಲ್ಮೈಗೆ ಬಳಿಯುವ ಔಷಧಗಳ ಬಗ್ಗೆ ಎರಡು ಮಾತು ಸಾಕು. ಫಿನೈಲ್ ಈಥೈಲ್ ಅಮೋನಿಯಂ ಅಯೋಡೈಡ್ ಎಲ್ಲರೂ ಬಳಸುವ ಪದಾರ್ಥ, 2019ರಲ್ಲಿ ಇದರಿಂದಲೇ ಶೇ. 23 ದಾಟಿದ್ದರು. ದೋಷ ಮುಚ್ಚುವುದರಲ್ಲಿ ಗಟ್ಟಿ. ಆದರೆ ಬಿಸಿಗೆ ಇಂಥ ದೊಡ್ಡ ಅಣುಗಳು ಮೇಲ್ಮೈ ಬಿಟ್ಟು ಒಳಗೆ ಇಳಿಯುತ್ತವೆ, ಮೊದಲ ದಿನದ ಲಾಭ ನಿಧಾನಕ್ಕೆ ಕರಗುತ್ತದೆ. ಇದನ್ನು ಬಳಸಿದ ಸೆಲ್ಲನ್ನು ಕೋಣೆಯ ಉಷ್ಣತೆಯಲ್ಲಿ ಮಾತ್ರ ಪರೀಕ್ಷಿಸಿದ ವರದಿಯನ್ನು ನಂಬಬೇಡಿ.

ಮುಚ್ಚಿಗೆ: ನಮ್ಮ ಕಡೆ ಅರ್ಧ ಗೆಲುವು ಇಲ್ಲೇ

ಮಳೆಗಾಲಕ್ಕೆ ಮೊದಲು ಜಗಲಿಗೆ ಸೋಗೆ ತಟ್ಟಿ ಕಟ್ಟುತ್ತೇವಲ್ಲ, ಇರಚಲು ಬರುವುದು ತಟ್ಟಿಯ ನಡುವಿನಿಂದ ಅಲ್ಲ, ಅಂಚಿನ ಸಂದಿಯಿಂದ. ಗಾಜಿನ ಪ್ಯಾನೆಲಿನಲ್ಲೂ ಅಷ್ಟೇ. ಗಾಜು ನೀರು ಬಿಡುವುದಿಲ್ಲ, ತೇವ ನುಸುಳುವುದು ಅಂಚಿನಲ್ಲಿ. ಆದ್ದರಿಂದ ಎರಡು ಗಾಜಿನ ನಡುವೆ ಸುತ್ತಲೂ ಬ್ಯುಟೈಲ್ ರಬ್ಬರಿನ ಪಟ್ಟಿ ಇರುವುದೇ ಬೇಕು.

ನಡುವೆ ತುಂಬುವ ಅಂಟಿನಲ್ಲಿ ಎರಡು ಆಯ್ಕೆ. ಇವಿಎ ಎಂಬ ಪ್ಲಾಸ್ಟಿಕ್ ಅಗ್ಗ, ಸಿಲಿಕಾನ್ ಪ್ಯಾನೆಲ್‌ಗಳಲ್ಲಿ ಬಹಳ ಕಾಲದಿಂದ ಇದೆ. ತೇವ ಮತ್ತು ಬಿಸಿಗೆ ಅದು ಅಸಿಟಿಕ್ ಆಮ್ಲ ಬಿಡುತ್ತದೆ. ಸಿಲಿಕಾನ್ ಹೇಗೋ ತಡೆದುಕೊಳ್ಳುತ್ತದೆ, ಪೆರೋವ್‌ಸ್ಕೈಟ್ ತಡೆಯುವುದಿಲ್ಲ. ಪಾಲಿಯೋಲಿಫಿನ್ ಎಂಬ ಇನ್ನೊಂದು ಪ್ಲಾಸ್ಟಿಕ್ ಸ್ವಲ್ಪ ದುಬಾರಿ, ಆಮ್ಲದ ಕಾಟ ಇಲ್ಲ. ಇಲ್ಲಿ ದುಡ್ಡು ಉಳಿಸಬಾರದು.

ಒಳ್ಳೆಯ ಮುಚ್ಚಿಗೆಗೆ ಇನ್ನೊಂದು ಗುಣವಿದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹರಳು ಒಡೆಯುವಾಗ ಅನಿಲಗಳು ಹೊರಡುತ್ತವೆ. ಅವಕ್ಕೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಒಡೆಯುವ ಕ್ರಿಯೆಯೇ ನಿಧಾನವಾಗುತ್ತದೆ. ಆಸ್ಟ್ರೇಲಿಯಾದ ಅನಿತಾ ಹೋ-ಬೈಲಿ ಅವರ ತಂಡ 2020ರಲ್ಲಿ ಇದನ್ನು ಅಳೆದು ತೋರಿಸಿತು. ಗಾಜು, ಗಾಜಿನ ನಡುವೆ ಬಿಗಿಯಾಗಿ ಮುಚ್ಚಿದ ಅವರ ಸೆಲ್‌ಗಳು 85 ಡಿಗ್ರಿ ಬಿಸಿ, ಶೇ. 85 ತೇವದ ಕೋಣೆಯಲ್ಲಿ 1800 ತಾಸು ದಾಟಿದವು. ಪ್ಯಾನೆಲ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 61215 ಕೇಳುವುದು 1000 ತಾಸು.

ಬಾಗುವ ಪ್ಲಾಸ್ಟಿಕ್ ಹಾಳೆಯ ಮೇಲಿನ ಪೆರೋವ್‌ಸ್ಕೈಟ್ ನೋಡಿ ಕಾರವಾರದ ಬೈತಖೋಲ ಬಂದರಿನ ದೋಣಿಗಳಿಗೆ ಎಷ್ಟು ಚೆನ್ನ ಎಂದು ಅನಿಸುವುದು ಸಹಜ. ಹಗುರ, ಸುತ್ತಿ ಇಡಬಹುದು. ಆದರೆ ಗಾಜಿನಷ್ಟು ತೇವ ತಡೆಯುವ ಪ್ಲಾಸ್ಟಿಕ್ ತುಂಬ ದುಬಾರಿ. ಸದ್ಯಕ್ಕೆ ಇದು ದಡದ ಮೇಲಿನ ಕನಸು.

ಶಿರಸಿಯವರಿಗೆ ಬೇರೆ ಮಾತು: ನೆರಳು

ಘಟ್ಟದ ಮೇಲೆ ಉಪ್ಪು ಗಾಳಿ ಇಲ್ಲ. ಆದರೆ ಮನೆ ಸುತ್ತ ಹಲಸು, ಮಾವು, ಅಡಿಕೆ ತೋಟ. ಪ್ಯಾನೆಲಿನ ಒಂದು ಸೆಲ್ಲಿಗೆ ನೆರಳು ಬಿದ್ದರೆ ಉಳಿದ ಸೆಲ್‌ಗಳು ತಮ್ಮ ಕರೆಂಟನ್ನು ಅದರ ಮೂಲಕ ಹಿಮ್ಮುಖವಾಗಿ ನೂಕುತ್ತವೆ. ಸಿಲಿಕಾನ್ ಸೆಲ್ ಇದನ್ನು ಸಾಕಷ್ಟು ತಾಳುತ್ತದೆ, ಇಪ್ಪತ್ತು ಚಿಲ್ಲರೆ ಸೆಲ್ಲಿಗೊಂದು ಬೈಪಾಸ್ ಡಯೋಡ್ (ಕರೆಂಟಿಗೆ ಬಳಸುದಾರಿ ಕೊಡುವ ಬಿಡಿಭಾಗ) ಇದ್ದರೆ ಸಾಕಾಗುತ್ತದೆ. ಪೆರೋವ್‌ಸ್ಕೈಟ್ ಕೆಲವೇ ವೋಲ್ಟಿಗೆ ಸೋಲುತ್ತದೆ, ಆಗುವ ಹಾನಿ ಎಷ್ಟೋ ಸಲ ಶಾಶ್ವತ. ಬಾಳಿಕೆ ಎಂದರೆ ಬರೀ ಮಳೆ ಅಂದುಕೊಂಡವರು ಇದನ್ನು ಮರೆಯುತ್ತಾರೆ.

ಬರೀ ಪೆರೋವ್‌ಸ್ಕೈಟಿನ ಪ್ಯಾನೆಲಿನಲ್ಲಿ ಸೆಲ್‌ಗಳು ಚೌಕ ಇರುವುದಿಲ್ಲ, ಲೇಸರಿನಿಂದ ಕೊರೆದ ಉದ್ದುದ್ದ ಪಟ್ಟಿಗಳಾಗಿರುತ್ತವೆ. ಅಡಿಕೆ ಮರದ ಸಪೂರ ನೆರಳು ಒಂದು ಪಟ್ಟಿಯ ಉದ್ದಕ್ಕೂ ಬಿದ್ದರೆ ಆ ಪಟ್ಟಿ ಪೂರ್ತಿ ಕತ್ತಲೆ. ಅಡ್ಡಕ್ಕೆ ಬಿದ್ದರೆ ಎಲ್ಲ ಪಟ್ಟಿಗಳಿಗೂ ಸ್ವಲ್ಪ ಸ್ವಲ್ಪ, ಅಪಾಯ ಕಡಿಮೆ. ಸಿಲಿಕಾನ್ ಜೊತೆ ಜೋಡಿಯಾದ ಸೆಲ್ಲಿನಲ್ಲಿ ಕೆಳಗಿನ ಸಿಲಿಕಾನ್ ಈ ಹಿಮ್ಮುಖ ಹೊರೆಯನ್ನು ತಾನು ಹೊತ್ತು ಮೇಲಿನದನ್ನು ಉಳಿಸುತ್ತದೆ. ಶಿರಸಿ, ಸಿದ್ದಾಪುರದ ಕಡೆಗೆ ನಾನು ಜೋಡಿ ಸೆಲ್ಲೇ ಸರಿ ಅನ್ನುವುದಕ್ಕೆ ಮುಖ್ಯ ಕಾರಣ ಇದು. ದಕ್ಷತೆ ಆಮೇಲಿನ ಮಾತು.

ಜೋಡಿ ಸೆಲ್: ಎರಡು ತಂತಿಯೋ, ನಾಲ್ಕೋ

ಮೇಲಿನ ಪೆರೋವ್‌ಸ್ಕೈಟ್ ನೀಲಿ ಕಡೆಯ ಬೆಳಕು ಹೀರುತ್ತದೆ, ಕೆಳಗಿನ ಸಿಲಿಕಾನ್ ಕೆಂಪು ಕಡೆಯದನ್ನು. ಸಿಲಿಕಾನ್ ಒಂದೇ ಇದ್ದರೆ ಶೇ. 29.4ರ ಗಡಿ ದಾಟಲಾರದು. ಜೋಡಿಗೆ ಆ ಗಡಿ ಇಲ್ಲ. ಚೀನಾದ ಲೊಂಗಿ ಕಂಪನಿಯ ಜೋಡಿ ಸೆಲ್ 2023ರ ನವೆಂಬರಿನಲ್ಲಿ ಶೇ. 33.9, 2024ರ ಜೂನಿನಲ್ಲಿ ಶೇ. 34.6, 2025ರ ಏಪ್ರಿಲ್‌ನಲ್ಲಿ ಶೇ. 34.85 ಮುಟ್ಟಿತು.

ಎರಡು ತಂತಿಯ ಜೋಡಿಯಲ್ಲಿ ಮೇಲಿನ ಕೆಳಗಿನ ಸೆಲ್‌ಗಳ ಕರೆಂಟು ಸರಿಸಮ ಇರಬೇಕು, ಕಡಿಮೆ ಇರುವುದೇ ಇಡೀ ಸೆಲ್ಲನ್ನು ಹಿಡಿಯುತ್ತದೆ. ಮೋಡ ಕವಿದ ದಿನದ ಬೆಳಕಿನಲ್ಲಿ ನೀಲಿ ಪಾಲು ಜಾಸ್ತಿ, ಆಗ ಕೆಳಗಿನದು ಹಿಂದೆ ಬೀಳುತ್ತದೆ. ನಾಲ್ಕು ತಂತಿಯದರಲ್ಲಿ ಎರಡೂ ಸ್ವತಂತ್ರ, ತಂತಿ ಮತ್ತು ಎಲೆಕ್ಟ್ರಾನಿಕ್ಸ್ ಖರ್ಚು ಜಾಸ್ತಿ. ಐಐಟಿ ಬಾಂಬೆಯಲ್ಲಿ ದಿನೇಶ್ ಕಾಬ್ರಾ ಅವರ ತಂಡ ಈ ನಾಲ್ಕು ತಂತಿಯ ದಾರಿಯಲ್ಲಿ ಕೆಲಸ ಮಾಡುತ್ತಿದೆ. ಜೂನಿನಿಂದ ಸೆಪ್ಟೆಂಬರ್ ತನಕ ಮೋಡವೇ ಇರುವ ನಮ್ಮ ಜಿಲ್ಲೆಗೆ ನಾಲ್ಕು ತಂತಿ ಹೊಂದುತ್ತದೆ ಅನಿಸಬಹುದು. ಆದರೆ ಆ ತಿಂಗಳುಗಳಲ್ಲಿ ಒಟ್ಟು ಬೆಳಕೇ ಕಡಿಮೆ, ಅದರಲ್ಲಿ ಉಳಿಸುವ ನಾಲ್ಕು ಯೂನಿಟ್ಟಿಗೆ ಆ ಖರ್ಚು ಏಳುವುದು ಕಷ್ಟ. ನನ್ನ ಒಲವು ಎರಡು ತಂತಿಗೆ.

ವರದಿ ಓದುವಾಗ

ದಕ್ಷತೆಯ ಸಂಖ್ಯೆಗಿಂತ ಮೊದಲು ಸೆಲ್ಲಿನ ವಿಸ್ತೀರ್ಣ ನೋಡಿ. ಉಗುರಿಗಿಂತ ಚಿಕ್ಕ ಸೆಲ್ಲಿನ ಶೇ. 26ಕ್ಕೂ ಚದರ ಮೀಟರಿನ ಪ್ಯಾನೆಲಿಗೂ ಬಹಳ ದೂರ. ವೋಲ್ಟೇಜನ್ನು ಏರಿಸುತ್ತ ಅಳೆದರೆ ಒಂದು ಸಂಖ್ಯೆ, ಇಳಿಸುತ್ತ ಅಳೆದರೆ ಇನ್ನೊಂದು ಬರುವ ಚಾಳಿಯೂ ಈ ಸೆಲ್ಲಿಗಿದೆ. ಸ್ಥಿರವಾಗಿ ನಿಂತ ಉತ್ಪಾದನೆ ಎಷ್ಟು ಎಂದು ಹುಡುಕಿ.

“1000 ತಾಸು ಬಾಳಿತು” ಎಂದರೆ ಹಿಗ್ಗಬೇಡಿ. ಕತ್ತಲಲ್ಲಿಟ್ಟೋ, ಬೆಳಕಿನಲ್ಲೋ? ಎಷ್ಟು ಡಿಗ್ರಿ? ಲೋಡ್ ಹಾಕಿತ್ತೋ ಇಲ್ಲವೋ? 2020ರಲ್ಲಿ ಜಗತ್ತಿನ ಹಲವು ತಂಡಗಳು ಸೇರಿ ಒಪ್ಪಿಕೊಂಡ ಐಎಸ್‌ಒಎಸ್ ಪರೀಕ್ಷಾ ಕ್ರಮದಲ್ಲಿ ಇದಕ್ಕೆಲ್ಲ ಬೇರೆ ಬೇರೆ ಗುರುತುಗಳಿವೆ. ದಿನಕ್ಕೆ ಸರಾಸರಿ 5 ತಾಸು ಪೂರ್ಣ ಬಿಸಿಲು ಎಂದು ಹಿಡಿದರೆ 1000 ತಾಸು ಅಂದರೆ 200 ದಿನ. 25 ವರ್ಷಕ್ಕೆ 45,000 ತಾಸಿಗಿಂತ ಜಾಸ್ತಿ ಬೇಕು. ರಾತ್ರಿ ವಿಶ್ರಾಂತಿಯಲ್ಲಿ ಕೆಲವು ಸೆಲ್‌ಗಳು ಕಳೆದುಕೊಂಡ ದಕ್ಷತೆಯನ್ನು ಸ್ವಲ್ಪ ವಾಪಸು ಪಡೆಯುತ್ತವೆ, ಹಾಗಾಗಿ ಹಗಲು ರಾತ್ರಿ ಬದಲಾಯಿಸಿ ಮಾಡಿದ ಪರೀಕ್ಷೆ ಇದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡಿ.

ಪ್ರಾಜೆಕ್ಟ್ ಹುಡುಗರಿಗೆ

ಎಲ್ಲ ಸೇರಿಸಿದರೆ ನನ್ನ ಆಯ್ಕೆ ಹೀಗಿದೆ. ದೊಡ್ಡ ಪ್ರಯೋಗಾಲಯಕ್ಕೆ ಹೋಗುವ ಅವಕಾಶ ಇದ್ದರೆ ಫಾರ್ಮಮಿಡಿನಿಯಂ–ಸೀಸಿಯಂ ಹರಳು, ತಿರುಗುಮುರುಗು ಜೋಡಣೆ, ಟಿನ್ ಆಕ್ಸೈಡ್ ತಡೆ. ಊರಿನ ಕಾಲೇಜಿನಲ್ಲೇ ಮಾಡುವುದಾದರೆ ಇಂಗಾಲದ ಸೆಲ್. ಹರಳಿನ ಪದರ ಬಳಿಯುವ ಕೆಲಸವನ್ನು ಡಿಸೆಂಬರಿನಿಂದ ಫೆಬ್ರವರಿ ಒಳಗೆ ಮುಗಿಸಿ. ಮಳೆಗಾಲದ ಗಾಳಿಯಲ್ಲಿ ಪದರ ಮಬ್ಬಾಗಿ, ತೂತು ಬಿದ್ದು ಬರುತ್ತದೆ, ರಸಾಯನ ದುಡ್ಡು ನೀರುಪಾಲು. ದ್ರಾವಕದ ಹೊಗೆ ಒಳ್ಳೆಯದಲ್ಲ, ಫ್ಯೂಮ್ ಹುಡ್ ಮತ್ತು ಕೈಗವಸು ಇಲ್ಲದೆ ಸೀಸದ ದ್ರಾವಣ ಮುಟ್ಟಬಾರದು.

ಅದೂ ಕಷ್ಟವಾದರೆ ಸೀಸವನ್ನೇ ಮುಟ್ಟದೆ ಒಂದು ಒಳ್ಳೆಯ ಹೋಲಿಕೆ ಮಾಡಬಹುದು. ಎರಡು ಗಾಜಿನ ನಡುವೆ ಕೋಬಾಲ್ಟ್ ಕ್ಲೋರೈಡ್ ಕಾಗದದ ಒಣ ನೀಲಿ ತುಂಡು ಇಡಿ. ಒಂದು ಜೋಡಿಗೆ ಇವಿಎ, ಒಂದಕ್ಕೆ ಪಾಲಿಯೋಲಿಫಿನ್, ಒಂದಕ್ಕೆ ಪಾಲಿಯೋಲಿಫಿನ್ ಜೊತೆ ಬ್ಯುಟೈಲ್ ಅಂಚು. ಎಲ್ಲವನ್ನೂ ಜೂನ್ ಮೊದಲ ವಾರ ಕಾಲೇಜಿನ ತಾರಸಿ ಮೇಲೆ ಇಟ್ಟು ದಿನಾ ಒಂದೇ ಹೊತ್ತಿಗೆ ಫೋಟೋ ತೆಗೆಯಿರಿ. ತೇವ ಬಂದ ಕಡೆ ಕಾಗದ ಗುಲಾಬಿ ಆಗುತ್ತದೆ. ಗುಲಾಬಿ ಗೆರೆ ಅಂಚಿನಿಂದ ಒಳಗೆ ದಿನಕ್ಕೆ ಎಷ್ಟು ಮಿಲಿಮೀಟರ್ ಸರಿಯಿತು ಎಂದು ಅಳೆದು ಬರೆದಿಡಿ. ಇದೇ ಪ್ರಯೋಗದ ಒಂದು ಜೊತೆಯನ್ನು ಶಿರಸಿಯಲ್ಲೂ ಇಟ್ಟರೆ ಘಟ್ಟದ ಮೇಲಿನ ಮಳೆಗೂ ಕೆಳಗಿನ ಮಳೆಗೂ ಇರುವ ವ್ಯತ್ಯಾಸ ಸಿಗುತ್ತದೆ. ಬೇಕಾದ ಸಾಮಾನಿಗೆ ಖರ್ಚು ಹೆಚ್ಚಿಲ್ಲ. ಕಾಗದವನ್ನು ಮಾತ್ರ ಗಾಜಿನ ನಡುವೆ ಇಡುವ ಮೊದಲು ಚೆನ್ನಾಗಿ ಬಿಸಿ ಮಾಡಿ ಒಣಗಿಸಿ, ಇಲ್ಲದಿದ್ದರೆ ಮುಚ್ಚುವ ಮೊದಲೇ ಗುಲಾಬಿ ಆಗಿರುತ್ತದೆ.